ಅರಬಸ್ಥಾನದ ಅರಸು ಇಬ್ನ್ ಸೌದ್

ಶ್ರೀಮಠದ ಮಹೋತ್ಸವದ ನೆನಪಿಗಾಗಿ ಹೊರಡುವ ಈ ಸಂಪುಟದಲ್ಲಿ, ಶರಣರ ಹಾಗೂ ಮಠಾಧೀಶರ ಚರಿತ್ರೆಗಳ ನಡುವೆ, ಅರಬಸ್ಥಾನದ ಅರಸನೊಬ್ಬನ ಜೀವನವೃತ್ತಾಂತವು ಏಕೆಂದು ವಾಚಕರು ಕೇಳಬಹುದು. ಕೇಳುವುದು ಸಹಜವೇ ಸರಿ. ರಾಜಪೀಠಕ್ಕೂ ಧರ್ಮಕ್ಕೂ ಇರುವ ಸಂಬಂಧವು ನಮಗೆ ಹೊಸ ವಿಷಯವಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಿಜ್ಜಳನ ಸಿಂಹಾಸನವೂ ಬಸವಣ್ಣನವರ ಮಹಾಮನೆಯೂ ಒಂದೇ ಪಟ್ಟಣದಲ್ಲಿದ್ದು, ಕಡೆಗೆ ಒಂದು ಇನ್ನೊಂದನ್ನು ತಾಳಲಾರದೆ ಹೋದ ಕಥೆಯನ್ನು ಕೇಳುತ್ತ ಬೆಳೆದವರು ನಾವು. ಆದರೆ ಧರ್ಮದ ಹುರುಪನ್ನೇ ಖಡ್ಗವನ್ನಾಗಿ ಹಿಡಿದು ರಾಜ್ಯವನ್ನು ಗೆದ್ದು, ಗೆದ್ದ ರಾಜ್ಯವನ್ನು ಪರಧರ್ಮೀಯರಾದ ಪರದೇಶೀಯರ ಸೈನಿಕ ಮೈತ್ರಿಯಿಂದ ಕಾಪಾಡಿಕೊಳ್ಳಲು ಹೋಗಿ, ಆ ಖಡ್ಗವು ತನ್ನ ಕಡೆಗೇ ತಿರುಗಿದಾಗ ಅದನ್ನು ತನ್ನ ಕೈಯಾರೆ ಮುರಿಯಬೇಕಾಗಿ ಬಂದ ಅರಸನ ಕಥೆ ನಮ್ಮ ಪುರಾಣೇತಿಹಾಸಗಳಲ್ಲಿ ಅಷ್ಟು ಸ್ಪಷ್ಟವಾಗಿ ದೊರೆಯದು. ಅದು ದೊರೆಯುವುದು ಸೌದಿ ಅರಬಸ್ಥಾನದ ಸ್ಥಾಪಕನಾದ ಅಬ್ದುಲ್ ಅಜೀಜನ ಬಾಳಿನಲ್ಲಿ. ಹೊರಜಗತ್ತು ಅವನನ್ನು ಇಬ್ನ್ ಸೌದ್ ಎಂದೇ ಬಲ್ಲುದು. ಗುರುಪೀಠದ ನೆರಳಿನಲ್ಲಿ ಕುಳಿತು ಓದುವವರಿಗೆ ಈ ಚರಿತ್ರೆಯಲ್ಲಿ ಯೋಚಿಸತಕ್ಕುದು ಬಹಳವಿದೆ ಎಂಬ ನಂಬಿಕೆಯಿಂದ ಇದನ್ನು ಬರೆಯಲಾಗಿದೆ.

ಅರಬಸ್ಥಾನದ ನಡುಭಾಗಕ್ಕೆ ನಜ್ದ ಎಂದು ಹೆಸರು. ಸುತ್ತಲೂ ಮರಳು, ಅಲ್ಲಲ್ಲಿ ಬಾವಿಗಳನ್ನು ನಂಬಿಕೊಂಡ ಖರ್ಜೂರದ ತೋಟಗಳು, ತೋಟಗಳ ನಡುವೆ ಮಣ್ಣಿನ ಗೋಡೆಯ ಊರುಗಳು. ಮಳೆಯನ್ನೂ ಹುಲ್ಲನ್ನೂ ಅರಸಿ ಒಂಟೆಗಳೊಡನೆ ಅಲೆಯುವ ಬೆದೂಯಿನ್ ಕುಲಗಳು ಊರುಗಳ ಹೊರಗೆ ಬಾಳುತ್ತಿದ್ದುವು. ಈ ನಾಡಿನ ದಿರಿಯಾ ಎಂಬ ಊರಿನಲ್ಲಿ 1744ರಲ್ಲಿ ಊರೊಡೆಯನಾದ ಮುಹಮ್ಮದ್ ಇಬ್ನ್ ಸೌದನಿಗೂ ಧರ್ಮಸುಧಾರಕನಾದ ಮುಹಮ್ಮದ್ ಇಬ್ನ್ ಅಬ್ದುಲ್ ವಹಾಬನಿಗೂ ಒಂದು ಒಡಂಬಡಿಕೆಯಾಯಿತು. ದೇವನೊಬ್ಬನೇ, ಅವನಿಗೂ ಭಕ್ತನಿಗೂ ನಡುವೆ ಗೋರಿಯಾಗಲಿ ಸಂತನಾಗಲಿ ಮರವಾಗಲಿ ನಿಲ್ಲಕೂಡದು ಎಂಬುದು ಸುಧಾರಕನ ಬೋಧೆ. ಈ ಮತದವರು ತಮ್ಮನ್ನು ಏಕದೇವನಿಷ್ಠರೆಂದು ಕರೆದುಕೊಳ್ಳುವರು. ವಹಾಬಿಗಳೆಂಬುದು ಪರರು ಕೊಟ್ಟ ಹೆಸರು. ಅರಸನು ಈ ಬೋಧೆಗೆ ರಕ್ಷಣೆ ಕೊಡುವುದು, ಗುರುವಂಶವು ಅರಸನಿಗೆ ಧರ್ಮಸಮ್ಮತಿಯನ್ನು ಕೊಡುವುದು, ಇದೇ ಒಡಂಬಡಿಕೆಯ ತಿರುಳು. ಆ ಬಲದಿಂದ ಕಟ್ಟಿದ ಮೊದಲನೆಯ ರಾಜ್ಯವನ್ನು 1818ರಲ್ಲಿ ಈಜಿಪ್ತಿನ ಸೈನ್ಯವು ನೆಲಸಮ ಮಾಡಿತು. ಬಳಿಕ ತಲೆಯೆತ್ತಿದ ಎರಡನೆಯ ರಾಜ್ಯವು ಒಳಜಗಳಗಳಿಂದ ಸೊರಗಿ, 1891ರಲ್ಲಿ ಹಾಯಿಲ್ ಪಟ್ಟಣದ ರಶೀದಿ ಅರಸರ ಪಾಲಾಯಿತು.

ಅಬ್ದುಲ್ ಅಜೀಜನು ಸುಮಾರು 1876ರಲ್ಲಿ ರಿಯಾದದಲ್ಲಿ ಹುಟ್ಟಿದನು. ರಾಜ್ಯವು ಹೋದಾಗ ಅವನಿನ್ನೂ ಹುಡುಗ. ಒಂಟೆಯ ಪಕ್ಕದ ಚೀಲದಲ್ಲಿ ಅವನನ್ನು ಕೂರಿಸಿಕೊಂಡು ಮನೆಯವರು ಊರು ಬಿಟ್ಟರೆಂದು ಹೇಳುವರು. ಬೆದೂಯಿನರ ನಡುವೆ ಕೆಲವು ಕಾಲ ಅಲೆದ ಕುಟುಂಬಕ್ಕೆ ಕಡೆಗೆ ಕುವೈತಿನಲ್ಲಿ ಆಶ್ರಯ ದೊರೆಯಿತು. ಅಲ್ಲಿನ ಒಡೆಯ ಮುಬಾರಕನು ತುರ್ಕರ ಸುಲ್ತಾನನಿಗೆ ಹೆಸರಿಗೆ ವಿಧೇಯನಾಗಿದ್ದುಕೊಂಡೇ 1899ರಲ್ಲಿ ಇಂಗ್ಲಿಷರೊಡನೆ ಗುಟ್ಟಾಗಿ ಕರಾರು ಮಾಡಿಕೊಂಡವನು. ಚಿಕ್ಕ ರಾಜ್ಯದ ಒಡೆಯನು ಎರಡು ದೊಡ್ಡ ಸಾಮ್ರಾಜ್ಯಗಳ ನಡುವೆ ಹೇಗೆ ನುಸುಳಿಕೊಂಡು ಬದುಕಬೇಕೆಂಬುದನ್ನು ಹುಡುಗನು ಕಣ್ಣಾರೆ ಕಂಡುದು ಇಲ್ಲಿ. ಧರ್ಮಪಾಠವು ತಂದೆಯಿಂದ, ರಾಜನೀತಿಯ ಪಾಠವು ಮುಬಾರಕನಿಂದ ದೊರೆಯಿತು. ಈ ಎರಡು ಪಾಠಗಳು ಒಂದಕ್ಕೊಂದು ಹೊಂದುವಂಥವಾಗಿರಲಿಲ್ಲ.

1902ರ ಜನವರಿಯಲ್ಲಿ ನಡೆದ ಸಾಹಸವನ್ನು ಅರಬ್ಬರು ಇಂದಿಗೂ ಹಾಡಿಕೊಳ್ಳುವರು. ನಾಲ್ವತ್ತಕ್ಕೆ ಮಿಕ್ಕ ಸಂಗಡಿಗರೊಡನೆ ಅವನು ರಾತ್ರಿಯಲ್ಲಿ ರಿಯಾದದ ಗೋಡೆಯನ್ನು ಏರಿ, ಕೋಟೆಯ ಎದುರಿನ ಮನೆಯಲ್ಲಿ ಅಡಗಿ ಕುಳಿತು, ಬೆಳಗಿನ ಹೊತ್ತು ಅಜ್ಲಾನನೆಂಬ ರಶೀದಿ ಅಧಿಕಾರಿಯು ಹೊರಕ್ಕೆ ಬಂದಾಗ ಮೇಲೆ ಬಿದ್ದನು. ಅಜ್ಲಾನನನ್ನು ಕೊಂದವನು ಅಬ್ದುಲ್ ಅಜೀಜನ ದಾಯಾದಿಯಾದ ಇಬ್ನ್ ಜಿಲುವಿ. ಹೊತ್ತೇರುವ ಮೊದಲೇ ಪಟ್ಟಣವು ಕೈಸೇರಿತು. ತಂದೆಯು ಇಮಾಮನೆಂಬ ಧಾರ್ಮಿಕ ಗೌರವವನ್ನು ತಾನಿರಿಸಿಕೊಂಡು ಆಳ್ವಿಕೆಯನ್ನು ಮಗನಿಗೆ ಬಿಟ್ಟನು. ಹಳೆಯ ಗುರುವಂಶದ ಕನ್ಯೆಯೊಬ್ಬಳನ್ನು ಅಬ್ದುಲ್ ಅಜೀಜನು ಮದುವೆಯಾದನು. 1906ರಲ್ಲಿ ಅವಳಲ್ಲಿ ಹುಟ್ಟಿದ ಫೈಸಲನು ಮುಂದೆ ತಾನೂ ಅರಸನಾದನು. 1913ರಲ್ಲಿ ತುರ್ಕರ ದಂಡನ್ನು ಓಡಿಸಿ ಪೂರ್ವತೀರದ ಅಲ್ ಹಸಾ ಪ್ರಾಂತವನ್ನು ವಶಪಡಿಸಿಕೊಂಡನು. ಆ ನೆಲದ ಅಡಿಯಲ್ಲಿ ಏನಿದೆಯೆಂಬುದು ಅಂದು ಯಾರಿಗೂ ತಿಳಿದಿರಲಿಲ್ಲ. ಖರ್ಜೂರದ ತೆರಿಗೆಯೂ ಬಂದರಿನ ಸುಂಕವೂ ದೊರೆತುದೇ ದೊಡ್ಡ ಲಾಭವೆಂದು ತೋರಿತು.

ರಾಜ್ಯವನ್ನು ಗೆಲ್ಲುವುದಕ್ಕೆ ಊರಿನವರ ಪಡೆ ಸಾಲದು, ಬೆದೂಯಿನರು ಬೇಕು. ಬೆದೂಯಿನರಾದರೋ ಇಂದು ಒಬ್ಬನ ಕಡೆ, ನಾಳೆ ಕೊಳ್ಳೆ ಹೆಚ್ಚಾಗಿ ದೊರೆಯುವ ಕಡೆ. ಇವರನ್ನು ಒಂದು ಕಟ್ಟಿಗೆ ತರಲು ನಜ್ದದಲ್ಲಿ ಆಗತಾನೇ ಮೊಳೆಯುತ್ತಿದ್ದ ಧಾರ್ಮಿಕ ಚಳುವಳಿಯೊಂದನ್ನು ಅರಸನು ನೀರೆರೆದು ಬೆಳೆಸಿದನು. ಅದರ ಹೆಸರು ಇಖ್ವಾನ್, ಎಂದರೆ ಸೋದರರು. ಅಲೆದಾಟವನ್ನು ಬಿಟ್ಟು, ಕುಲದ ವೈರಗಳನ್ನು ಮರೆತು, ಬಾವಿಯ ಬಳಿ ನೆಲೆನಿಂತು, ಉಳುಮೆ ಮಾಡುತ್ತ, ಧರ್ಮಪಾಠ ಕೇಳುತ್ತ, ಕರೆಬಂದಾಗ ಯುದ್ಧಕ್ಕೆ ಹೊರಡಬೇಕೆಂಬುದು ಅವರ ವ್ರತ. ಅಂಥ ನೆಲೆಗಳಿಗೆ ಹಿಜ್ರಾ ಎಂದು ಹೆಸರು. 1912ರ ಸುಮಾರಿಗೆ ಮುತೈರ್ ಕುಲದವರು ಅರ್ತಾವಿಯಾದಲ್ಲಿ ಮೊದಲನೆಯ ದೊಡ್ಡ ನೆಲೆಯನ್ನು ಹೂಡಿದರು. ಕೆಲವು ವರ್ಷಗಳಲ್ಲಿ ಇಂಥವು ನೂರನ್ನು ಮೀರಿದುವು. ಅರಸನು ಬೀಜವನ್ನೂ ಹಣವನ್ನೂ ಬೋಧಕರನ್ನೂ ಕೊಟ್ಟನು, ಮಸೀದಿಗಳನ್ನು ಕಟ್ಟಿಸಿದನು. ಇಖ್ವಾನರು ತಲೆಯ ಕರಿಹಗ್ಗವನ್ನು ತೆಗೆದು ಬಿಳಿಯ ರುಮಾಲು ಸುತ್ತಿದರು. ಹೊಗೆಸೊಪ್ಪು ಮುಟ್ಟರು, ಸಂಗೀತ ಕೇಳರು, ತಮ್ಮವನಲ್ಲದವನ ವಂದನೆಗೆ ಮರುವಂದನೆ ಹೇಳರು. ಸಾವಿಗೆ ಅಂಜದ ಈ ಪಡೆಯ ಮುಂದೆ ಅರಬಸ್ಥಾನದಲ್ಲಿ ಯಾರೂ ನಿಲ್ಲಲಾರದಾದರು. ಮುತೈರರ ನಾಯಕ ಫೈಸಲ್ ಅಲ್ ದುವೈಶ್, ಉತೈಬಾ ಕುಲದ ಸುಲ್ತಾನ್ ಬಿನ್ ಬಿಜಾದ್, ಅಜ್ಮಾನರ ದೈದಾನ್ ಬಿನ್ ಹಿಥ್ಲೈನ್, ಈ ಮೂವರ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು.

ಇದೇ ಕಾಲದಲ್ಲಿ ಅರಸನು ಇನ್ನೊಂದು ಕಡೆಗೂ ಕೈಚಾಚಿದನು. ಜಗತ್ತಿನ ಮೊದಲನೆಯ ಮಹಾಯುದ್ಧದಲ್ಲಿ ತುರ್ಕರ ವಿರುದ್ಧವಾಗಿ ಅರಬ್ಬರನ್ನು ಒಲಿಸಿಕೊಳ್ಳಲು ಇಂಗ್ಲಿಷರು ಆತುರರಾಗಿದ್ದರು. 1915ರ ಡಿಸೆಂಬರ್ 26ರಂದು ತಾರೂತ್ ದ್ವೀಪದ ದಾರೀನಿನಲ್ಲಿ ಸರ್ ಪರ್ಸಿ ಕಾಕ್ಸನೊಡನೆ ಇಬ್ನ್ ಸೌದನು ಕೌಲಿಗೆ ರುಜು ಹಾಕಿದನು. ಇಂಗ್ಲಿಷರು ಅವನ ಒಡೆತನವನ್ನು ಒಪ್ಪಿ ಶತ್ರುಗಳಿಂದ ರಕ್ಷಿಸತಕ್ಕುದು. ಅವನು ಇತರ ಪರರಾಜ್ಯಗಳೊಡನೆ ವ್ಯವಹರಿಸಕೂಡದು, ಕುವೈತು ಬಹರೈನ್ ಮೊದಲಾದ ತೀರದ ಸೀಮೆಗಳ ಮೇಲೆ ಬೀಳಕೂಡದು. ಮುಂದೆ ತಿಂಗಳಿಗೆ 5,000 ಪೌಂಡಿನ ಸಹಾಯಧನವೂ ಬಂದೂಕಗಳೂ ದೊರೆತುವು. ಪರ್ಷಿಯಾ ಖಾರಿಯ ಇಂಗ್ಲಿಷ್ ರಾಜಕಾರಣವು ಆಗ ಹಿಂದೂಸ್ಥಾನದ ಸರಕಾರದ ಅಧೀನದಲ್ಲಿದ್ದುದರಿಂದ, ಈ ಕೌಲಿಗೆ ಕಡೆಯ ಮುದ್ರೆ ಬಿದ್ದುದು 1916ರ ಜುಲೈಯಲ್ಲಿ ನಮ್ಮ ಸಿಮ್ಲಾದಲ್ಲಿ, ವೈಸರಾಯನ ಕೈಯಿಂದ. ಪರಧರ್ಮೀಯನ ಹಣ ಒಂದು ಕೈಯಲ್ಲಿ, ಪರಧರ್ಮೀಯನ ನೆರಳನ್ನೂ ಸಹಿಸದ ಇಖ್ವಾನರು ಇನ್ನೊಂದು ಕೈಯಲ್ಲಿ. ನಡುಮರುಭೂಮಿಯಲ್ಲಿ ಯುದ್ಧ ನಡೆಯುವಷ್ಟು ಕಾಲ ಎರಡು ಕೈಗಳೂ ಒಂದನ್ನೊಂದು ತಾಗದೆ ಕೆಲಸ ಮಾಡಿದುವು.

1919ರಲ್ಲಿ ತುರಬಾ ಎಂಬಲ್ಲಿ ಮಕ್ಕೆಯ ಷರೀಫ್ ಹುಸೈನನ ಮಗನ ಸೈನ್ಯವನ್ನು ಇಖ್ವಾನರು ಬೆಳಗಿನ ಜಾವದಲ್ಲಿ ನಿರ್ನಾಮ ಮಾಡಿದರು. 1921ರಲ್ಲಿ ಹಾಯಿಲ್ ಬಿದ್ದು ರಶೀದಿಗಳ ಆಳ್ವಿಕೆ ಮುಗಿಯಿತು. ಅಲ್ಲಿಂದಾಚೆಗೆ ಇಖ್ವಾನರಿಗೆ ಎದುರಾದವರು ಇಂಗ್ಲಿಷರೇ. ಏಕೆಂದರೆ ಇರಾಕ್, ಟ್ರಾನ್ಸ್‌ಜೋರ್ಡಾನ್, ಕುವೈತು ಈ ಮೂರೂ ಅವರ ರಕ್ಷಣೆಯಲ್ಲಿದ್ದುವು. 1922ರಲ್ಲಿ ಉಕೈರಿನ ಸಭೆಯಲ್ಲಿ ಅದೇ ಕಾಕ್ಸನು ನಕ್ಷೆಯ ಮೇಲೆ ಗೆರೆಯೆಳೆದು ನಜ್ದದ ಗಡಿಗಳನ್ನು ಗೊತ್ತುಮಾಡಿದನು. ಮರುಭೂಮಿಯಲ್ಲಿ ಗಡಿಯೆಂಬ ಮಾತಿಗೆ ಅರ್ಥವೇ ಇರಲಿಲ್ಲ. ಮಳೆ ಬಿದ್ದ ಕಡೆ ಹಿಂಡನ್ನು ಅಟ್ಟಿಕೊಂಡು ಹೋಗುವವನಿಗೆ, ನಿನ್ನೆಯವರೆಗೆ ತನ್ನದಾಗಿದ್ದ ಬಾವಿಯು ಇಂದು ಇನ್ನೊಬ್ಬ ಅರಸನದೆಂದರೆ ಹೇಗೆ ತಿಳಿಯಬೇಕು? ಅದಕ್ಕಿಂತ ಮಿಗಿಲಾಗಿ, ಧರ್ಮಯುದ್ಧಕ್ಕೆ ಎಲ್ಲೆಯುಂಟೆಂದು ಇಖ್ವಾನರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. 1924ರ ಆಗಸ್ಟಿನಲ್ಲಿ ಅವರ ಒಂದು ದಂಡು ಅಮ್ಮಾನ್ ಪಟ್ಟಣದ ಸಮೀಪದವರೆಗೂ ನುಗ್ಗಿತು. ಇಂಗ್ಲಿಷರ ವಿಮಾನಗಳೂ ಉಕ್ಕಿನ ಕವಚದ ಮೋಟಾರುಗಳೂ ಅದನ್ನು ಚದರಿಸಿದುವು.

ಅದೇ ವರ್ಷ ಹಿಜಾಜದ ದಂಡಯಾತ್ರೆಯೂ ಮೊದಲಾಯಿತು. ತುರ್ಕಸ್ಥಾನದಲ್ಲಿ ಖಲೀಫನ ಪೀಠವು ರದ್ದಾದೊಡನೆ ಹುಸೈನನು ತಾನೇ ಖಲೀಫನೆಂದು ಸಾರಿಕೊಂಡುದು ನಜ್ದದವರನ್ನು ಕೆರಳಿಸಿತ್ತು. ಇಂಗ್ಲಿಷರ ಸಹಾಯಧನವು ನಿಂತುಹೋದುದರಿಂದ ಇಬ್ನ್ ಸೌದನಿಗೆ ಕೈಕಟ್ಟೂ ಇರಲಿಲ್ಲ. ಸೆಪ್ಟೆಂಬರಿನಲ್ಲಿ ತಾಯಿಫ್ ಪಟ್ಟಣವನ್ನು ಹೊಕ್ಕ ಇಖ್ವಾನರು ನೂರಾರು ಮಂದಿಯನ್ನು ಕಡಿದರು. ಆ ಸುದ್ದಿ ಮುಸಲ್ಮಾನ ಜಗತ್ತನ್ನೆಲ್ಲ ನಡುಗಿಸಿತು. ಮಕ್ಕೆಯಲ್ಲಿ ಇಂಥದು ನಡೆಯದಂತೆ ಅರಸನು ಕಟ್ಟಪ್ಪಣೆ ಮಾಡಿದನು. ಅಕ್ಟೋಬರಿನಲ್ಲಿ ಇಖ್ವಾನರು ಯಾತ್ರಿಕರ ಉಡುಪಿನಲ್ಲಿ ಆ ಪಟ್ಟಣವನ್ನು ಪ್ರವೇಶಿಸಿದರು. 1925ರ ಡಿಸೆಂಬರಿನಲ್ಲಿ ಜೆದ್ದಾ ಶರಣಾಗತವಾಯಿತು. 1926ರ ಜನವರಿಯಲ್ಲಿ ಇಬ್ನ್ ಸೌದನು ಹಿಜಾಜದ ದೊರೆಯೆನಿಸಿದನು.

ಇಲ್ಲಿ ನಮ್ಮ ನಾಡಿಗೂ ಸಂಬಂಧವುಂಟು. ಮುಂಬಯಿಯ ಬಂದರಿನಿಂದ ಹೊರಡುತ್ತಿದ್ದ ಹಜ್ಜಿನ ಹಡಗುಗಳಲ್ಲಿ ವಿಜಾಪುರ, ಕಲಬುರ್ಗಿ, ಹುಬ್ಬಳ್ಳಿಗಳ ಕಡೆಯ ಮುಸಲ್ಮಾನ ಯಾತ್ರಿಕರೂ ಇರುತ್ತಿದ್ದರು. ಇಖ್ವಾನರು ಮದೀನೆಯ ಬಕೀ ಶ್ಮಶಾನದಲ್ಲಿ ಪೂಜ್ಯರ ಗೋರಿಗಳ ಮೇಲಿದ್ದ ಗುಮ್ಮಟಗಳನ್ನು ಒಡೆದುಹಾಕಿದ ವಾರ್ತೆಯು ಹಿಂದೂಸ್ಥಾನದ ಮುಸಲ್ಮಾನರಲ್ಲಿ ಬಹಳ ಮಂದಿಯನ್ನು ನೋಯಿಸಿತು. 1926ರಲ್ಲಿ ಮಕ್ಕೆಯಲ್ಲಿ ಅರಸನು ಕೂಡಿಸಿದ ಮುಸಲ್ಮಾನರ ಮಹಾಸಭೆಗೆ ಮಹಮದಾಲಿ ಶೌಕತಾಲಿ ಸೋದರರೂ ಹೋಗಿದ್ದರು. ಅವರು ಸಂತುಷ್ಟರಾಗಿ ಹಿಂದಿರುಗಲಿಲ್ಲ. ಸ್ಥಾವರಕ್ಕಿಂತ ಜಂಗಮವೇ ದೊಡ್ಡದೆಂದು ನಂಬಿದ ನಮಗೆ, ಕಲ್ಲುಮಣ್ಣುಗಳಿಗೆ ಅಡ್ಡಬೀಳಬಾರದೆಂಬ ಬೋಧೆಯು ಅಪರಿಚಿತವಲ್ಲ. ಆದರೆ ನಮ್ಮ ಶರಣರು ತಮ್ಮ ಮಾತಿನಿಂದ ಕೇಳುವವನ ಮನಸ್ಸನ್ನು ತಿರುಗಿಸಲು ಯತ್ನಿಸಿದರೇ ಹೊರತು, ಇನ್ನೊಬ್ಬನ ಗುಡಿಗೆ ಹಾರೆ ಹಾಕಲು ಅರಸನ ದಂಡನ್ನು ಬೇಡಲಿಲ್ಲ. ಬೋಧೆಗೆ ಬಂದೂಕನ್ನು ಕಟ್ಟಿದ ಮೇಲೆ ಎರಡರಲ್ಲಿ ಯಾವುದು ಯಾವುದನ್ನು ನಡೆಸುತ್ತದೆಂಬುದನ್ನು ಹೇಳುವುದು ಕಷ್ಟ.

ಇಬ್ನ್ ಸೌದನಿಗೆ ಆ ಕಷ್ಟವು ಬೇಗನೆ ತಿಳಿದುಬಂತು. ಅದೇ 1926ರ ಹಜ್ಜಿನಲ್ಲಿ ಈಜಿಪ್ತಿನವರು ಎಂದಿನ ವಾಡಿಕೆಯಂತೆ ಮಹಮಲ್ ಎಂಬ ಅಲಂಕೃತ ಪಲ್ಲಕ್ಕಿಯನ್ನು ಒಂಟೆಯ ಮೇಲೆ ತಂದಾಗ, ಕಾವಲಿನವರು ಊದಿದ ಕಹಳೆಯನ್ನು ಕೇಳಿ ಇಖ್ವಾನರು ರೊಚ್ಚಿಗೆದ್ದು ಕಲ್ಲೆಸೆದರು. ಈಜಿಪ್ತಿನ ದಂಡು ಗುಂಡು ಹಾರಿಸಿತು. ಸುಮಾರು ಇಪ್ಪತ್ತೈದು ಮಂದಿ ಸತ್ತರು. ಅರಸನು ತನ್ನ ಜನವನ್ನು ತಡೆದು ಅತಿಥಿಗಳನ್ನು ಕಾಪಾಡಿದನು. ಆದರೆ ಈಜಿಪ್ತಿನೊಡನೆ ಸಂಬಂಧವು 1936ರವರೆಗೆ ಸರಿಹೋಗಲಿಲ್ಲ. ಅತ್ತ ಇಖ್ವಾನರಿಗೂ ಅರಸನು ಕೊಲೆಗಡುಕರನ್ನು ಸುಮ್ಮನೆ ಬಿಟ್ಟನೆಂಬ ಕೋಪ ಉಳಿಯಿತು.

ಆ ವರ್ಷದ ಕಡೆಯಲ್ಲಿ ಇಖ್ವಾನರ ನಾಯಕರು ಅರ್ತಾವಿಯಾದಲ್ಲಿ ಕೂಡಿ ಅರಸನ ಮೇಲೆ ಆರೋಪಗಳನ್ನು ಹೊರಿಸಿದರು. ಮಗ ಸೌದನನ್ನು ಈಜಿಪ್ತಿಗೂ ಮಗ ಫೈಸಲನನ್ನು ಲಂಡನ್ನಿಗೂ ಕಳುಹಿಸಿದುದು ತಪ್ಪು. ತಂತಿ, ಟೆಲಿಫೋನು, ಮೋಟಾರು ಬಂಡಿಗಳು ಪರಧರ್ಮೀಯರ ಮಾಟಗಳು. ನಜ್ದದ ಮುಸಲ್ಮಾನರ ಮೇಲೆ ಸುಂಕ ಹೇರಿದುದು ಧರ್ಮಬಾಹಿರ. ಇರಾಕಿನ ಮತ್ತು ಟ್ರಾನ್ಸ್‌ಜೋರ್ಡಾನಿನ ಕುಲಗಳಿಗೆ ನಿಷ್ಠರ ಹುಲ್ಲುಗಾವಲಿನಲ್ಲಿ ಮೇಯಿಸಲು ಎಡೆಗೊಟ್ಟುದು, ಅಲ್ ಹಸಾದ ಶಿಯಾ ಪಂಥದವರನ್ನು ಅವರ ಪಾಡಿಗೆ ಬಿಟ್ಟುದು ಇವೂ ಅಪರಾಧಗಳೇ. ಕುವೈತಿನವರು ನಂಬಿಕೆಯಿಲ್ಲದವರಾದರೆ ಅವರ ಮೇಲೆ ಯುದ್ಧ ಮಾಡಬೇಕು; ನಂಬಿಕೆಯುಳ್ಳವರಾದರೆ ಅವರೊಡನೆ ವ್ಯಾಪಾರವನ್ನು ಏಕೆ ತಡೆಯಬೇಕು? ಈ ಕಡೆಯ ಪ್ರಶ್ನೆಯ ತರ್ಕವನ್ನು ಮೆಚ್ಚದೆ ಇರಲಾಗದು. ಇಖ್ವಾನರನ್ನು ಬರಿಯ ಮೂಢರೆಂದು ತಳ್ಳಿಹಾಕಿದ ಬರಹಗಾರರು ಅನೇಕರಿದ್ದಾರೆ, ಅದು ಅನ್ಯಾಯ. ಅರಸನೇ ಕಳುಹಿಸಿದ ಬೋಧಕರಿಂದ ಕಲಿತ ಪಾಠವನ್ನು ಅವರು ಅರಸನಿಗೆ ಒಪ್ಪಿಸುತ್ತಿದ್ದರು.

ಇಬ್ನ್ ಸೌದನ ಜಾಣ್ಮೆಯು ಪ್ರಕಾಶಕ್ಕೆ ಬಂದುದು ಈ ಸಂಕಟದಲ್ಲಿ. 1927ರ ಜನವರಿಯಲ್ಲಿ ರಿಯಾದದಲ್ಲಿ ಸಭೆ ಕರೆದು, ವಾದಕ್ಕೆ ತಾನು ನಿಲ್ಲದೆ, ಆರೋಪಗಳನ್ನೆಲ್ಲ ಉಲೇಮಾ ಎಂಬ ಧರ್ಮಪಂಡಿತರ ಮುಂದಿಟ್ಟನು. ಪಂಡಿತರು ಅರಸನಿಗೆ ಎಲ್ಲವನ್ನೂ ಒಪ್ಪಿಸಲಿಲ್ಲ. ತಂತಿಯ ವಿಷಯದಲ್ಲಿ ತಮಗೆ ಸಾಕಷ್ಟು ತಿಳಿವಿಲ್ಲವೆಂದು ತೀರ್ಪನ್ನೇ ಕೊಡಲಿಲ್ಲ. ಸುಂಕವು ಅಕ್ರಮವೆಂದರು, ಆದರೆ ಅರಸನು ಅದನ್ನು ಎತ್ತದಿದ್ದರೂ ಆ ಕಾರಣದಿಂದ ದಂಗೆಯೇಳುವುದು ಸಲ್ಲದೆಂದರು. ಮಹಮಲನ್ನು ನಿಲ್ಲಿಸಬೇಕೆಂದರು, ಶಿಯಾಗಳನ್ನು ತಿದ್ದಬೇಕೆಂದರು. ಒಂದೇ ಒಂದು ಅಂಶದಲ್ಲಿ ಅರಸನಿಗೆ ಬೇಕಾದುದನ್ನು ಪೂರ್ಣವಾಗಿ ಕೊಟ್ಟರು: ಧರ್ಮಯುದ್ಧವನ್ನು ಸಾರುವ ಅಧಿಕಾರವು ಇಮಾಮನಾದ ಅರಸನೊಬ್ಬನದೇ. ಉಳಿದುದನ್ನೆಲ್ಲ ಬಿಟ್ಟುಕೊಟ್ಟು ಇದೊಂದನ್ನು ಪಡೆದುದರಿಂದ, ಕತ್ತಿ ಹಿಡಿದ ನಿಷ್ಠರನ್ನೂ ಗ್ರಂಥ ಹಿಡಿದ ನಿಷ್ಠರನ್ನೂ ಅವನು ಬೇರ್ಪಡಿಸಿದನು. ಇದರಲ್ಲಿ ಪಂಡಿತರಿಗೂ ಲಾಭವಿತ್ತು. ಬೆದೂಯಿನ್ ನಾಯಕರು ತಾವಾಗಿಯೇ ಧರ್ಮನಿರ್ಣಯ ಮಾಡತೊಡಗಿದರೆ ಪಂಡಿತರಿಗೇನು ಕೆಲಸ? ಅದೇ ವರ್ಷದ ಮೇ 20ರಂದು ಜೆದ್ದಾದಲ್ಲಿ ಇಂಗ್ಲಿಷರೊಡನೆ ಹೊಸ ಕೌಲು ಆಯಿತು. ದಾರೀನಿನ ಅಂಕೆಗಳು ಹೋಗಿ, ಇಬ್ನ್ ಸೌದನ ಪೂರ್ಣ ಸ್ವಾತಂತ್ರ್ಯವನ್ನು ಅವರು ಒಪ್ಪಿದರು. ಖಾರಿಯ ಸೀಮೆಗಳ ಮೇಲೆ ಬೀಳೆನೆಂದು ಅವನು ಮತ್ತೊಮ್ಮೆ ಮಾತುಕೊಟ್ಟನು. ಧರ್ಮಯುದ್ಧವನ್ನು ಸಾರುವ ಹಕ್ಕು ಅರಸನದು, ಅರಸನಾದರೋ ಯುದ್ಧ ಮಾಡೆನೆಂದು ಬರೆದುಕೊಟ್ಟವನು! ಇಖ್ವಾನರಿಗೆ ಇದರ ಅರ್ಥವು ಆಗದೆ ಇರಲಿಲ್ಲ.

ಇರಾಕಿನ ಸರಕಾರವು ಗಡಿಯ ಬಾವಿಗಳ ಬಳಿ ಪೊಲೀಸು ಠಾಣ್ಯಗಳನ್ನು ಕಟ್ಟತೊಡಗಿದುದು ಕಿಡಿಯಾಯಿತು. 1927ರ ನವೆಂಬರಿನಲ್ಲಿ ದುವೈಶನ ಮುತೈರರು ಬುಸಯ್ಯಾದಲ್ಲಿ ಕಟ್ಟುತ್ತಿದ್ದ ಠಾಣ್ಯದ ಮೇಲೆ ಬಿದ್ದು ಪೊಲೀಸರನ್ನೂ ಕೂಲಿಗಳನ್ನೂ ಕೊಂದರು. ಇಂಗ್ಲಿಷರ ವಿಮಾನಗಳು ಗಡಿಯನ್ನು ದಾಟಿ ಬಂದು ನಜ್ದದ ಮೇಲೆ ಬಾಂಬು ಸುರಿದುವು. ಅರಸನ ಇಕ್ಕಟ್ಟು ಈಗ ಪೂರ್ಣವಾಯಿತು. ಇಖ್ವಾನರನ್ನು ತಡೆದರೆ ಪರಧರ್ಮೀಯರ ಬಂಟನೆನಿಸುವನು. ತಡೆಯದಿದ್ದರೆ ಇಂಗ್ಲಿಷರ ಬಾಂಬುಗಳು ರಿಯಾದದವರೆಗೂ ಬಂದಾವು. ಠಾಣ್ಯಗಳ ವಿಷಯದಲ್ಲಿ ಅವನೂ ಇಂಗ್ಲಿಷರನ್ನು ಆಕ್ಷೇಪಿಸಿದನು; 1928ರಲ್ಲಿ ಜೆದ್ದಾದಲ್ಲಿ ನಡೆದ ಮಾತುಕತೆಗಳು ಫಲಿಸಲಿಲ್ಲ. ಆ ವರ್ಷದ ನವೆಂಬರಿನಲ್ಲಿ ರಿಯಾದದಲ್ಲಿ ಊರುಗಳ ಮುಖಂಡರನ್ನೂ ಕುಲಗಳ ನಾಯಕರನ್ನೂ ಪಂಡಿತರನ್ನೂ ಸೇರಿಸಿ, ತಾನು ಸಿಂಹಾಸನವನ್ನು ಬಿಡುವೆನೆಂದೂ, ತನ್ನ ವಂಶದಲ್ಲಿ ಯಾರನ್ನು ಬೇಕಾದರೂ ಆರಿಸಿಕೊಳ್ಳಬಹುದೆಂದೂ ತಿಳಿಸಿದನು. ಸಭೆಯು ಒಪ್ಪಲಿಲ್ಲ, ಒಪ್ಪದೆಂದು ಅವನಿಗೆ ಗೊತ್ತಿತ್ತೆಂದೇ ಊಹಿಸಬೇಕು. ಮೂವರು ಇಖ್ವಾನ್ ನಾಯಕರು ಆ ಸಭೆಗೆ ಬಂದೇ ಇರಲಿಲ್ಲ. ಮರುವರ್ಷದ ಮೊದಲಲ್ಲಿ ಬಿಜಾದನ ಜನವು ನಜ್ದದ ಒಂಟೆವರ್ತಕರನ್ನೇ ಕೊಂದು ಸುಲಿದುದರಿಂದ ಊರಿನವರ ಮನಸ್ಸು ಇಖ್ವಾನರಿಗೆ ಪೂರ್ತಿಯಾಗಿ ಎರವಾಯಿತು.

1929ರ ಮಾರ್ಚ್ ಕಡೆಯಲ್ಲಿ ಸಿಬಿಲಾ ಎಂಬ ಬಯಲಿನಲ್ಲಿ ಎರಡು ಪಡೆಗಳೂ ಎದುರುಬದುರಾದುವು. ಪಂಡಿತರು ನಡುವೆ ಓಡಾಡಿ ಸಂಧಿಗೆ ಯತ್ನಿಸಿದರು. ದುವೈಶನು ಅರಸನ ಡೇರೆಗೆ ತಾನೇ ಬಂದು, ಆ ರಾತ್ರಿ ಅಲ್ಲಿಯೇ ಕಳೆದು ಹಿಂದಿರುಗಿದನು. ಇಪ್ಪತ್ತು ವರ್ಷಗಳ ಹತ್ತಿರ ಒಟ್ಟಿಗೆ ಬಾಳಿ, ಒಂದೇ ಸಾಲಿನಲ್ಲಿ ನಿಂತು ಪ್ರಾರ್ಥಿಸಿದ ಇಬ್ಬರು ಆ ಇರುಳು ಏನೇನು ಆಡಿಕೊಂಡರೋ, ಅದನ್ನು ಪ್ರತ್ಯೇಕವಾಗಿ ಹೇಳಬಂದವರ ಮಾತುಗಳು ಒಂದಕ್ಕೊಂದು ತಾಳೆಯಾಗವು. ಬೆಳಗಾದ ಮೇಲೆ ಯುದ್ಧ ಮೊದಲಾಯಿತು. ಅರಸನ ಪಡೆಯು ಹಿಂಜರಿಯುತ್ತಿದೆಯೆಂದು ಭ್ರಮಿಸಿ ಇಖ್ವಾನರು ಮುನ್ನುಗ್ಗಿದಾಗ, ಮೆಷೀನ್ ಗನ್ನುಗಳು ಬಾಯಿಬಿಟ್ಟುವು. ಮಧ್ಯಾಹ್ನವಾಗುವುದರೊಳಗೆ ಎಲ್ಲವೂ ಮುಗಿದಿತ್ತು. ಮಕ್ಕೆಯನ್ನೂ ತುರಬಾವನ್ನೂ ಗೆದ್ದುಕೊಟ್ಟ ಪಡೆಯು, ಯಾವ ಪರದೇಶದ ಯಂತ್ರಗಳನ್ನು ಮಾಟವೆಂದು ಹಳಿದಿತ್ತೋ ಆ ಯಂತ್ರಗಳಿಂದಲೇ ಸತ್ತಿತು.

ಹೊಟ್ಟೆಗೆ ಗುಂಡು ತಗುಲಿದ ದುವೈಶನನ್ನು ಡೋಲಿಯಲ್ಲಿ ಅರಸನ ಬಳಿಗೆ ಹೊತ್ತುತಂದರು; ಮನೆಯ ಹೆಂಗಸರು ಅಳುತ್ತ ಜೊತೆಯಲ್ಲಿದ್ದರು. ಅರಸನು ತನ್ನ ವೈದ್ಯನಿಂದ ನೋಡಿಸಿ, ಇವನು ಬದುಕನೆಂದು ತಿಳಿದು ಕ್ಷಮಿಸಿ ಬಿಟ್ಟನು. ಅವನು ಬದುಕಿದನು, ಮತ್ತೆ ದಂಗೆಯೆದ್ದನು. ಬಿಜಾದನು ಸೆರೆಯಾದನು, ಅವನ ನೆಲೆಯಾದ ಘತ್‌ಘತನ್ನು ಕೆಡವಿಸಲಾಯಿತು. ಹಿಥ್ಲೈನನನ್ನು ಮಾತುಕತೆಗೆಂದು ಕರೆಸಿಕೊಂಡು ಅರಸನ ಕಡೆಯವರು ಕೊಂದರು. ಈ ಕೃತ್ಯವು ಅರಸನ ಅಪ್ಪಣೆಯಿಂದ ನಡೆದುದಲ್ಲವಾದರೂ ಅವನ ಆಳ್ವಿಕೆಗೆ ಹತ್ತಿದ ಕಲೆಯೇ ಸರಿ. ಆ ಬೇಸಗೆಯಲ್ಲಿ ದುವೈಶನ ಹಿರಿಯ ಮಗನು ಸಂಗಡಿಗರೊಡನೆ ಮರಳಿನಲ್ಲಿ ನೀರಿಲ್ಲದೆ ಸತ್ತನು. ದಿಕ್ಕುಗಾಣದ ದುವೈಶನು 1930ರ ಜನವರಿಯಲ್ಲಿ ಕುವೈತಿನ ಸೀಮೆಯನ್ನು ಹೊಕ್ಕು, ಬಾಳೆಲ್ಲ ದ್ವೇಷಿಸಿದ ಇಂಗ್ಲಿಷರಿಗೇ ಶರಣಾದನು. ಪ್ರಾಣ ತೆಗೆಯಬಾರದೆಂಬ ಮಾತನ್ನು ಪಡೆದು ಅವರು ಅವನನ್ನು ಅರಸನಿಗೆ ಒಪ್ಪಿಸಿದರು. ಮಾರನೆಯ ವರ್ಷ ಅವನು ರಿಯಾದದ ಸೆರೆಮನೆಯಲ್ಲಿ ತೀರಿಕೊಂಡನು. 1930ರ ಫೆಬ್ರವರಿಯಲ್ಲಿ ಇಂಗ್ಲಿಷರ ಯುದ್ಧನೌಕೆಯೊಂದರ ಮೇಲೆ ಇಬ್ನ್ ಸೌದನೂ, ಷರೀಫ್ ಹುಸೈನನ ಮಗನಾಗಿ ಇರಾಕನ್ನಾಳುತ್ತಿದ್ದ ಫೈಸಲನೂ ಭೇಟಿಯಾಗಿ ಕೈಕುಲುಕಿದರು. ಇಖ್ವಾನರ ನೆನಪು ಮಾತ್ರ ಅಳಿಯಲಿಲ್ಲ. 1979ರಲ್ಲಿ ಮಕ್ಕೆಯ ಮಹಾಮಸೀದಿಯನ್ನು ಆಯುಧಗಳೊಡನೆ ಹಿಡಿದುಕೊಂಡು ಅರಸುಮನೆತನವನ್ನು ಧರ್ಮಭ್ರಷ್ಟವೆಂದು ಜರೆದ ಜುಹೈಮಾನನು ಉತೈಬಾ ಕುಲದವನು, ಇಖ್ವಾನರ ನೆಲೆಯೊಂದರಲ್ಲಿ ಹುಟ್ಟಿದವನು.

1932ರ ಸೆಪ್ಟೆಂಬರ್ 23ರಂದು ರಾಜ್ಯಕ್ಕೆ ಸೌದಿ ಅರಬಸ್ಥಾನವೆಂಬ ಹೆಸರಾಯಿತು. ಬೊಕ್ಕಸದಲ್ಲಿ ಹಣವಿರಲಿಲ್ಲ. ಜಗತ್ತಿನ ಆರ್ಥಿಕ ಮುಗ್ಗಟ್ಟಿನಿಂದ ಯಾತ್ರಿಕರ ಸಂಖ್ಯೆಯು ಲಕ್ಷದ ಆಸುಪಾಸಿನಿಂದ 1931ರಲ್ಲಿ ನಾಲ್ವತ್ತು ಸಾವಿರಕ್ಕೆ ಇಳಿದಿತ್ತು. 1933ರಲ್ಲಿ ಕ್ಯಾಲಿಫೋರ್ನಿಯಾದ ಎಣ್ಣೆ ಕಂಪೆನಿಯೊಂದಕ್ಕೆ ಪೂರ್ವಪ್ರಾಂತದಲ್ಲಿ ಅಗೆಯುವ ಹಕ್ಕನ್ನು ಅರಸನು ಕೊಟ್ಟುದು ಈ ಬಡತನದಿಂದ. ಅಮೇರಿಕದವರು ದೂರದವರು, ಅರಬಸ್ಥಾನದಲ್ಲಿ ವಸಾಹತು ಇಲ್ಲದವರು ಎಂಬ ಲೆಕ್ಕವೂ ಅವನ ಮನಸ್ಸಿನಲ್ಲಿತ್ತು. 1938ರಲ್ಲಿ ದಮ್ಮಾಮಿನ ಏಳನೆಯ ಬಾವಿಯಲ್ಲಿ ಎಣ್ಣೆ ಉಕ್ಕಿತು.

ಎರಡನೆಯ ಮಹಾಯುದ್ಧವು ಮುಗಿಯುತ್ತ ಬಂದಾಗ, 1945ರ ಫೆಬ್ರವರಿ 14ರಂದು, ಸುಯೆಜ್ ಕಾಲುವೆಯ ಮಹಾಕ್ಷಾರಸರೋವರದಲ್ಲಿ ನಿಂತಿದ್ದ ಕ್ವಿನ್ಸಿ ಎಂಬ ಯುದ್ಧನೌಕೆಯ ಮೇಲೆ ಅಮೇರಿಕದ ಅಧ್ಯಕ್ಷ ರೂಸ್‌ವೆಲ್ಟನನ್ನು ಅವನು ಕಂಡನು. ಜೆದ್ದಾದಿಂದ ಬರುವಾಗ ಇನ್ನೊಂದು ನೌಕೆಯ ಅಟ್ಟದ ಮೇಲೆ ಡೇರೆ ಹಾಕಿಸಿಕೊಂಡು, ಊಟಕ್ಕೆ ಜೀವಂತ ಕುರಿಗಳನ್ನು ಕಟ್ಟಿಕೊಂಡು ಬಂದಿದ್ದನು. ಪ್ರಾರ್ಥನೆಯ ವೇಳೆಗೆ ಮಕ್ಕೆಯು ಯಾವ ದಿಕ್ಕಿಗಿದೆಯೆಂದು ನಾವಿಕರು ಲೆಕ್ಕಹಾಕಿ ಹೇಳುತ್ತಿದ್ದರು. ಇಬ್ಬರೂ ದೇಹದಲ್ಲಿ ಸೋತವರು. ಅರಸನ ಕಾಲುಗಳು ಹಳೆಯ ಗಾಯಗಳಿಂದ ಬಲಗುಂದಿದ್ದುವು. ರೂಸ್‌ವೆಲ್ಟನು ತನ್ನ ಗಾಲಿಕುರ್ಚಿಗಳಲ್ಲಿ ಒಂದನ್ನು ಅವನಿಗೆ ಕಾಣಿಕೆಯಿತ್ತನು. ಮಾತು ಬಹುಪಾಲು ಪ್ಯಾಲೆಸ್ತೀನಿನದು. ಅರಬ್ಬರಿಗೆ ವಿರೋಧವಾಗಿ ಏನನ್ನೂ ಮಾಡೆನೆಂದು ಅಧ್ಯಕ್ಷನು ಏಪ್ರಿಲ್ 5ರ ಕಾಗದದಲ್ಲಿ ಬರೆದುಕೊಟ್ಟನು. ಒಂದು ವಾರದಲ್ಲಿ ಅವನೇ ತೀರಿಕೊಂಡನು. ಮೂರು ದಿನಗಳ ತರುವಾಯ ಫಯೂಮಿನಲ್ಲಿ ಭೇಟಿಯಾದ ಚರ್ಚಿಲ್ಲನಾದರೋ, ಅರಸನ ಎದುರಿನಲ್ಲಿಯೇ ಚುಟ್ಟವನ್ನೂ ಮದ್ಯವನ್ನೂ ಸೇವಿಸಿದನು. ಮೈತ್ರಿಯು ಇಂಗ್ಲಿಷರ ಕೈಯಿಂದ ಅಮೇರಿಕದವರ ಕೈಗೆ ಜಾರುತ್ತಿದ್ದ ಕಾಲದಲ್ಲಿ ಇಂಥ ಚಿಕ್ಕ ಸಂಗತಿಗಳಿಗೂ ತೂಕವುಂಟು.

ದಹ್ರಾನಿನಲ್ಲಿ ಅಮೇರಿಕದ ಸೈನ್ಯವು ವಿಮಾನನಿಲ್ದಾಣವನ್ನು ಕಟ್ಟಲು 1945ರಲ್ಲಿಯೇ ಒಪ್ಪಿಗೆಯಾಯಿತು. ಮರುವರ್ಷ ಅದು ಮುಗಿಯಿತು. ಸೆರೆಯಲ್ಲಿ ಸತ್ತ ದುವೈಶನು ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದನು? ಪವಿತ್ರ ನೆಲದ ಅರಸನು ಪರಧರ್ಮೀಯ ಸೈನಿಕರಿಗೆ ಎಡೆಗೊಟ್ಟುದನ್ನು ಪಂಡಿತರು ಹೇಗೆ ಸೈರಿಸಿದರು? ಅರಸನು ಹಳೆಯ ಉಪಾಯವನ್ನೇ ದೊಡ್ಡ ಪ್ರಮಾಣದಲ್ಲಿ ಬಳಸಿದನು. ಅಮೇರಿಕದವರು ಪೂರ್ವತೀರದಲ್ಲಿ ತಮ್ಮ ಬೇಲಿಯೊಳಗೆ ಇರತಕ್ಕುದು. ಬಹಿರಂಗವಾಗಿ ತಮ್ಮ ಮತದ ಪೂಜೆಯನ್ನು ನಡೆಸಕೂಡದು. ನಿಲ್ದಾಣವು ಕಡೆಗೆ ಸೌದಿಯರಿಗೇ ಸೇರತಕ್ಕುದು. ಇತ್ತ ನ್ಯಾಯಾಲಯ, ಪಾಠಶಾಲೆ, ಊರಿನ ನಡೆನುಡಿಗಳ ಕಾವಲು ಇವೆಲ್ಲವೂ ಪಂಡಿತರ ಕೈಯಲ್ಲಿ. ಎಣ್ಣೆ ಮತ್ತು ವಿಮಾನಗಳ ವ್ಯವಹಾರದಲ್ಲಿ ಅವರು ತಲೆಹಾಕದಿರುವುದಕ್ಕೆ ಪ್ರಜೆಗಳ ನಿತ್ಯಜೀವನವನ್ನೇ ಅವರಿಗೆ ಬೆಲೆಯಾಗಿ ತೆತ್ತಂತಾಯಿತು. ಈ ಬೆಲೆಯನ್ನು ಅರಸನು ತನ್ನ ಕೈಯಿಂದ ತೆರಲಿಲ್ಲ. ತೆತ್ತವರು ಪ್ರಜೆಗಳು, ಅವರಲ್ಲಿಯೂ ಹೆಚ್ಚಾಗಿ ಹೆಂಗಸರೂ ಶಿಯಾ ಪಂಥದವರೂ. ಅವನ ರಾಜನೀತಿಯನ್ನು ಹೊಗಳುವವರು ಈ ಲೆಕ್ಕವನ್ನು ಬಿಟ್ಟುಬಿಡುವರು.

1948ರಲ್ಲಿ ಅಮೇರಿಕವು ಇಸ್ರೇಲನ್ನು ಮನ್ನಿಸಿದಾಗ ಮೈತ್ರಿಯನ್ನು ಕಡಿದುಹಾಕಬೇಕೆಂಬ ಕೂಗು ಎದ್ದಿತು. ಮಗ ಫೈಸಲನೂ ಕಡುಕೋಪದಲ್ಲಿದ್ದನು. ಮುದಿ ಅರಸನು ನೊಂದನು, ಆದರೆ ಎಣ್ಣೆಯ ಕರಾರನ್ನು ಮುಟ್ಟಲಿಲ್ಲ. ಇರಾಕಿನಲ್ಲಿಯೂ ಜೋರ್ಡಾನಿನಲ್ಲಿಯೂ ಷರೀಫ್ ಹುಸೈನನ ಸಂತತಿಯವರು ಆಳುತ್ತಿರುವಾಗ ಅವನಿಗೆ ಇನ್ನೊಬ್ಬ ರಕ್ಷಕನಿರಲಿಲ್ಲ. 1950ರ ಕಡೆಯಲ್ಲಿ ಎಣ್ಣೆಯ ಲಾಭವನ್ನು ಸಮಪಾಲು ಮಾಡಿಕೊಳ್ಳುವಂತಾಯಿತು; 1951ರ ಜೂನಿನಲ್ಲಿ ಅಮೇರಿಕದೊಡನೆ ಪರಸ್ಪರ ರಕ್ಷಣೆಯ ಸಹಾಯದ ಕರಾರಾಗಿ, ಸೈನ್ಯಕ್ಕೆ ಶಿಕ್ಷಣ ಕೊಡುವ ಅವರ ತಂಡಕ್ಕೂ ಎಡೆ ದೊರೆಯಿತು. ದಹ್ರಾನಿನ ಆ ನೆಲೆಯನ್ನು ಅವರು 1962ರಲ್ಲಿ ಬಿಟ್ಟುಹೋದರು. 1990ರಲ್ಲಿ ಇರಾಕು ಕುವೈತನ್ನು ಹಿಡಿದಾಗ ಅಮೇರಿಕದ ದಂಡು ಲಕ್ಷಗಟ್ಟಲೆಯಲ್ಲಿ ಹಿಂದಿರುಗಿತು. ಅಂದೂ ಇಬ್ನ್ ಸೌದನ ಮಗನಾದ ಫಹದ್ ದೊರೆಯು ಮೊದಲು ಮಾಡಿದ ಕೆಲಸಗಳಲ್ಲಿ ಪಂಡಿತರಿಂದ ಸಮ್ಮತಿಪತ್ರವನ್ನು ಪಡೆದುದೂ ಒಂದು.

ಕಡೆಯ ವರ್ಷಗಳಲ್ಲಿ ಅವನಿಗೆ ಒಂದು ಕಣ್ಣು ಕಾಣಿಸುತ್ತಿರಲಿಲ್ಲ, ಮಂಡಿಗಳು ಮಡಿಯುತ್ತಿರಲಿಲ್ಲ. ಎಣ್ಣೆಯ ಹಣವು ಹೊಳೆಯಾಗಿ ಬಂದು, ಅವನ ನಾಲ್ವತ್ತಕ್ಕೆ ಮಿಕ್ಕ ಗಂಡುಮಕ್ಕಳ ಅರಮನೆಗಳಿಗೆ ಹರಿದುಹೋಗುವುದನ್ನು ಕಂಡು ಅವನು ಸಂತೋಷಪಟ್ಟಂತೆ ತೋರುವುದಿಲ್ಲ. 1953ರ ನವೆಂಬರ್ 9ರಂದು ತಾಯಿಫಿನಲ್ಲಿ ತೀರಿಕೊಂಡನು. ಬದುಕಿದ್ದ ಗಂಡುಮಕ್ಕಳಲ್ಲಿ ಹಿರಿಯನಾದ ಸೌದನು ಪಟ್ಟಕ್ಕೆ ಬಂದನು. ದೇಹವನ್ನು ವಿಮಾನದಲ್ಲಿ ರಿಯಾದಕ್ಕೆ ತಂದು ಅಲ್ ಊದ್ ಶ್ಮಶಾನದಲ್ಲಿ, ಅವರ ಮತದ ಕಟ್ಟಳೆಯಂತೆ, ಹೆಸರಿನ ಕಲ್ಲೂ ಗುಮ್ಮಟವೂ ಇಲ್ಲದೆ ಮಣ್ಣುಮಾಡಿದರು.